ಕಾಫಿ ಕಪ್ಪಿನೊಳಗಿನ ಪ್ಯಾರಿಸ್

ಪರದೆ ತುಂಬ ಬರೀ ಕಾಫಿ. ಹಾಲಿಲ್ಲದ ಕಡು ಕಾಫಿ. ಚಮಚ ತಿರುಗಿಸಿ ಬಿಟ್ಟಿದ್ದಾರೆ, ನೊರೆ ಸುತ್ತುತ್ತಿದೆ, ಗುಳ್ಳೆಗಳು ಒಂದಕ್ಕೊಂದು ಅಂಟಿಕೊಂಡು ಒಡೆಯುತ್ತಿವೆ. ಹಿನ್ನೆಲೆಯಲ್ಲಿ ನಿರ್ದೇಶಕ ಝಾನ್ ಲುಕ್ ಗೊದಾರ್ ತಾವೇ ಪಿಸುಗುಡುತ್ತಿದ್ದಾರೆ. ಮೊದಲು ‘ಇದೇನಪ್ಪಾ’ ಅನ್ನಿಸುತ್ತದೆ. ನೋಡ್ತಾ ನೋಡ್ತಾ ಕಪ್ಪಿನೊಳಗೆ ನಕ್ಷತ್ರಗಳು ತಿರುಗಿದ ಹಾಗೆ ಕಾಣುತ್ತದೆ.

ಇದು 1967ರಲ್ಲಿ ತೆರೆಕಂಡ ‘ಅವಳ ಬಗ್ಗೆ ನನಗೆ ಗೊತ್ತಿರುವ ಎರಡು ಮೂರು ಸಂಗತಿ’ ಚಿತ್ರ. ‘ಅವಳು’ ಅಂದರೆ ನಾಯಕಿ ಒಬ್ಬಳೇ ಅಲ್ಲ, ಪ್ಯಾರಿಸ್ ಸೀಮೆಯೂ ಹೌದು.

ಎರಡನೇ ಮಹಾಯುದ್ಧ ಮುಗಿದಾಗ ಫ್ರಾನ್ಸಿನಲ್ಲಿ ಮನೆಗಳಿಗೆ ಬರ. ಐವತ್ತರ ದಶಕದಿಂದ ಊರಾಚೆ ಕಾಂಕ್ರೀಟ್ ಬ್ಲಾಕ್‌ಗಳು ಸಾಲಾಗಿ ಎದ್ದವು. ಎಷ್ಟೋ ಸಂಸಾರಗಳಿಗೆ ಸ್ವಂತ ಬಚ್ಚಲು ಸಿಕ್ಕಿದ್ದು ಆಗಲೇ. ಅದು ಸಣ್ಣ ಮಾತಲ್ಲ. ಜೊತೆಗೇ ಫ್ರಿಜ್, ಟಿವಿ, ಕಾರಿನ ಕಂತುಗಳೂ ಮನೆಯೊಳಗೆ ಬಂದವು. 1966ರಲ್ಲಿ ಒಂದು ವಾರಪತ್ರಿಕೆ, ಇಂಥ ಬಡಾವಣೆಗಳ ಕೆಲವು ಗೃಹಿಣಿಯರು ತಿಂಗಳ ಖರ್ಚು ತೂಗಿಸಲು ಮೈ ಮಾರಿಕೊಳ್ಳುತ್ತಿದ್ದಾರೆ ಎಂದು ಬರೆಯಿತು. ಗೊದಾರ್ ಚಿತ್ರ ಹುಟ್ಟಿದ್ದು ಅಲ್ಲಿಂದ. ಪ್ಯಾರಿಸ್‌ನ ಉತ್ತರಕ್ಕಿರುವ ಲಾ ಕೂರ್ನವ್‌ನಲ್ಲಿ, ನಾಲ್ಕು ಸಾವಿರ ಮನೆಗಳ ಲೆಕ್ಕದಿಂದಲೇ ‘4000’ ಎಂದು ಹೆಸರಾದ ಬಡಾವಣೆಯಲ್ಲಿ ಚಿತ್ರೀಕರಣ ನಡೆಯಿತು.

ಆದರೆ ಹೊಸ ನಗರದ ಬದುಕಿನ ಮೇಲೆ ಸಿನಿಮಾದವರ ಈ ತಕರಾರು ಶುರುವಾಗಿದ್ದು ನಗುವಿನಿಂದ. 1958ರ ‘ಮೊನ್ ಓಂಕ್ಲ್’ (ನನ್ನ ಮಾವ) ಚಿತ್ರದಲ್ಲಿ ಫ್ರಾನ್ಸಿನ ಹಾಸ್ಯ ನಿರ್ದೇಶಕ ಝಾಕ್ ತಾತಿ ಒಂದು ಹೊಸ ಫ್ಯಾಷನ್ನಿನ ಮನೆ ತೋರಿಸಿದರು. ಅಂಗಳದಲ್ಲಿ ಮೀನಿನ ಆಕಾರದ ಕಾರಂಜಿ. ದೊಡ್ಡ ಮನುಷ್ಯರು ಬಂದರೆ ಮಾತ್ರ ಯಜಮಾನಿ ಅದನ್ನು ಆನ್ ಮಾಡುತ್ತಾಳೆ. ಬಂದವನು ಸುಮ್ನೆ ಒಡಹುಟ್ಟಿದವನು ಅಂತ ಗೊತ್ತಾದರೆ ಟಕ್ ಅಂತ ಆಫ್! ಗೊದಾರ್ ಪಿಸುಮಾತೆಲ್ಲಕ್ಕಿಂತ ಆ ಸ್ವಿಚ್ಚೇ ಜಾಸ್ತಿ ಹೇಳುತ್ತದೆ ಅನ್ನಿಸಿದೆ ನನಗೆ.

ತಾತಿಗೆ ಮುಂದೆ ಅಷ್ಟಕ್ಕೇ ತೃಪ್ತಿಯಾಗಲಿಲ್ಲ. ‘ಪ್ಲೇಟೈಮ್’ಗಾಗಿ ಗಾಜು, ಉಕ್ಕು, ಕಾಂಕ್ರೀಟಿನ ಊರನ್ನೇ ಸೆಟ್ ಹಾಕಿಸಿದರು. ಅಲ್ಲಿ ಐಫೆಲ್ ಟವರ್ ಇಣುಕುವುದು ಗಾಜಿನ ಬಾಗಿಲಿನ ಪ್ರತಿಬಿಂಬವಾಗಿ. ಹೊಸ ನಗರವನ್ನು ಗೇಲಿ ಮಾಡಲು ನಗರವನ್ನೇ ಕಟ್ಟಿ ಸಾಲದಲ್ಲಿ ಮುಳುಗಿದರು, ಪಾಪ. 1967ರಲ್ಲೇ ಬಂದ ‘ವೀಕೆಂಡ್’ನಲ್ಲಿ ಗೊದಾರ್‌ಗೆ ನಗುವ ತಾಳ್ಮೆ ಉಳಿದಿರಲಿಲ್ಲ. ಏಳೆಂಟು ನಿಮಿಷ ಬರೀ ಟ್ರಾಫಿಕ್ ಜಾಮ್, ಕಿವಿ ತೂತಾಗುವಷ್ಟು ಹಾರ್ನ್. ಕೊನೆಗೆ ರಸ್ತೆ ಬದಿ ಹೆಣಗಳು. ನಾಯಕ, ನಾಯಕಿ ಕಾರು ನಿಲ್ಲಿಸುವುದೇ ಇಲ್ಲ.

‘ಅವಳ ಬಗ್ಗೆ’ ಚಿತ್ರದ ಕೊನೆಯ ಶಾಟ್‌ನಲ್ಲಿ ಹುಲ್ಲಿನ ಮೇಲೆ ಸೋಪಿನ ಪುಡಿ, ಅದು ಇದು ಅಂತ ಅಂಗಡಿ ಸಾಮಾನಿನ ಡಬ್ಬಿಗಳನ್ನು ಬಡಾವಣೆಯ ಹಾಗೆ ಜೋಡಿಸಿಟ್ಟಿದ್ದಾರೆ. ‘4000’ರ ನಿಜವಾದ ಬ್ಲಾಕ್ ಒಂದನ್ನು, ಸಂಗೀತಗಾರ ದೆಬ್ಯುಸಿ ಹೆಸರಿನದನ್ನು, 1986ರಲ್ಲಿ ಸಿಡಿಮದ್ದಿಟ್ಟು ಕೆಡವಿದರು.