ಕಪ್ಪಾದ ಸ್ಪೂನ್ ಎರೆಗೆ ಹುಣಸೆಹಣ್ಣು ಹಾಕಬಹುದೇ?

ಪ್ರಶ್ನೆ: ನಾನು ವಾಸ್ಕೋದಲ್ಲಿದ್ದೇನೆ, ರಜೆ ಸಿಕ್ಕಾಗ ಜುವಾರಿ ನದಿಯಲ್ಲಿ ಗಾಳ ಹಾಕುತ್ತೇನೆ. ಮಳೆಗಾಲ ಕಳೆಯುವಷ್ಟರಲ್ಲಿ ಮೀನನ್ನು ಸೆಳೆಯುವ, ಚಮಚದ ಆಕಾರದ ಲೋಹದ ಸ್ಪೂನ್ ಎರೆಗಳೆಲ್ಲ ಕಪ್ಪಿಟ್ಟಿವೆ. ದೀಪದ ಕಂಬ ತೊಳೆಯುವ ಹುಣಸೆಹಣ್ಣಿನಿಂದಲೇ ಇವನ್ನೂ ಉಜ್ಜಬಹುದೇ?

ಉತ್ತರ: ಬರೀ ಹಿತ್ತಾಳೆ ಅಥವಾ ತಾಮ್ರದ್ದಾದರೆ ಧಾರಾಳವಾಗಿ ಉಜ್ಜಿ. ಆದರೆ ಬೆಳ್ಳಗೆ ಹೊಳೆಯುವ ಸ್ಪೂನ್‌ಗಳಲ್ಲಿ ಹಲವು ಹಿತ್ತಾಳೆಯ ಮೇಲೆ ನಿಕಲ್, ಕ್ರೋಮ್ ಅಥವಾ ಬೆಳ್ಳಿಯ ತೆಳು ಲೇಪ ಕೊಟ್ಟವು. ಉಂಗುರ ಹಾಯುವ ತೂತಿನ ಅಂಚನ್ನು ನೋಡಿ. ಅಲ್ಲಿ ಬಿಳುಪು ಸವೆದು ಹಳದಿ ಇಣುಕಿದರೆ ಅದು ಲೇಪದ್ದು. ಹುಳಿಯನ್ನೂ ಪಾತ್ರೆ ಉಜ್ಜುವ ಕಬ್ಬಿಣದ ನಾರನ್ನೂ ದೂರವಿಡಿ.

ಮೊದಲು ಕೊಕ್ಕೆಗಳನ್ನು ಬಿಚ್ಚಿ, ಸ್ಪೂನನ್ನು ಸಿಹಿನೀರಿನಲ್ಲಿ ನೆನೆಹಾಕಿ, ಸೋಪಿನ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆಯಿರಿ. ಕೊಳೆಯೆಂದು ಕಂಡದ್ದರಲ್ಲಿ ಉಪ್ಪು ಮತ್ತು ಮೀನಿನ ಲೋಳೆಯ ಪಾಲೂ ಇರುತ್ತದೆ. ನಿಕಲ್, ಕ್ರೋಮ್‌ಗೆ ಇಷ್ಟೇ ಸಾಕು.

ಹಿತ್ತಾಳೆಯ ಕಿಲುಬಿಗೆ ಹುಣಸೆ, ನಿಂಬೆ, ಪೀತಾಂಬರಿ ಪುಡಿ ಯಾವುದಾದರೂ ನಡೆಯುತ್ತದೆ. ಗೋವಾದ ಅಡುಗೆಮನೆಯ ಕೋಕಂ ಸಿಪ್ಪೆಯೂ ಹುಳಿಯೇ. ಕೆಲವು ನಿಮಿಷ ಉಜ್ಜಿ ತೊಳೆದುಬಿಡಿ. ರಾತ್ರಿಯಿಡೀ ಹುಳಿಯಲ್ಲಿ ಮುಳುಗಿಸಿಟ್ಟರೆ ಹಿತ್ತಾಳೆಯೊಳಗಿನ ಸತು ಕರಗಿ ತಾಮ್ರ ಉಳಿಯುತ್ತದೆ, ಮೇಲ್ಮೈ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆ ಕಲೆ ಸುಲಭಕ್ಕೆ ಹೋಗದು.

ಬೆಳ್ಳಿ ಲೇಪದ ಕಪ್ಪು ಬೇರೆಯದೇ ಬಗೆ. ಅದು ಗಂಧಕದೊಡನೆ ಸೇರಿದ ಬೆಳ್ಳಿ. ಉಜ್ಜಿದಷ್ಟೂ ಬೆಳ್ಳಿಯೇ ಸವೆದುಹೋಗುತ್ತದೆ. ಬಟ್ಟಲಿನಲ್ಲಿ ಅಲ್ಯೂಮಿನಿಯಂ ಹಾಳೆ ಹಾಸಿ, ಸ್ಪೂನ್ ಅದಕ್ಕೆ ತಾಗುವಂತೆ ಇಟ್ಟು, ಅಡುಗೆ ಸೋಡಾ ಕದಡಿದ ಬಿಸಿನೀರು ಹೊಯ್ಯಿರಿ. ಗಂಧಕವನ್ನು ಅಲ್ಯೂಮಿನಿಯಂ ಬಿಡಿಸುತ್ತದೆ, ಬೆಳ್ಳಿ ಇದ್ದಲ್ಲೇ ಉಳಿಯುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಬರಿಯಾಗಬೇಡಿ, ಕಿಟಕಿ ತೆರೆಯಿರಿ.

ಒರೆಸಿ ಚೆನ್ನಾಗಿ ಒಣಗಿಸಿದ ಮೇಲೆ ಬಣ್ಣವಿಲ್ಲದ ಉಗುರುಬಣ್ಣವನ್ನು ತೆಳ್ಳಗೆ ಬಳಿದರೆ ಹೊಳಪು ಹೆಚ್ಚು ಕಾಲ ನಿಲ್ಲುತ್ತದೆ. ಎಲ್ಲವನ್ನೂ ಕನ್ನಡಿಯಂತೆ ಮಾಡಲು ಹಟ ಬೇಡ: ಕಲಕು ನೀರಿಗೆ ಹೊಳೆಯುವ ಸ್ಪೂನ್, ತಿಳಿನೀರಿಗೆ ಮಂಕು ಹಿತ್ತಾಳೆ ಎನ್ನುವುದು ನನ್ನ ಲೆಕ್ಕ. ಸೀಸ ತುಂಬಿದ ಹಳೆಯ ಎರೆಗಳನ್ನು ಮರಳುಕಾಗದದಿಂದ ತಿಕ್ಕಲೇಬೇಡಿ, ಮುಟ್ಟಿದರೆ ಕೈ ತೊಳೆಯಿರಿ.

ತುಕ್ಕು ಹಿಡಿದ ಕೊಕ್ಕೆಯನ್ನು ಮಾತ್ರ ಉಳಿಸಿಕೊಳ್ಳಬೇಡಿ. ಚೋಣಕ್‌ನಂಥ ಬಲವಾದ ಮೀನು ಎಳೆದಾಗ ಮುರಿಯುವುದು ಅದೇ, ಹೊಸದನ್ನೇ ಹಾಕಿ.