ಒರತೆಯ ಅಂಚಿನ ಚೌಕಮನೆ

ಯುರೋಪಿನ ಕಾಡಿನಲ್ಲಿ ನದಿಯೊಂದು ಹುಟ್ಟುವ ಜಾಗಕ್ಕೆ ಹೋದರೆ, ಒರತೆಯ ಅಂಚಿನಲ್ಲಿ ಮಂಡಿಯೂರಿ ಕೊಳೆತ ಎಲೆಯೊಂದನ್ನು ತಿರುವಿ ನೋಡಬೇಕು. ಒಂದು ಸೆಂಟಿಮೀಟರಿಗಿಂತ ಚಿಕ್ಕದಾದ ಕಂದು ಕೊಳವೆಯೊಂದು ಮೆಲ್ಲಗೆ ಸರಿಯುತ್ತಿರಬಹುದು. ಕೊಳವೆಗೆ ನಾಲ್ಕು ಮೂಲೆಗಳಿರುತ್ತವೆ. ಅದರೊಳಗೆ ವಾಸಿಸುವುದು ಕ್ರುನೀಸಿಯಾ ಇರೊರಾಟಾ ಎಂಬ ಕ್ಯಾಡಿಸ್ ಕೀಟದ ಮರಿಹುಳು. ಗ್ರೀಕ್ ಮೂಲದ ಮೊದಲ ಪದಕ್ಕೆ ‘ಚಿಲುಮೆಯಲ್ಲಿ ಮನೆ ಮಾಡಿದ್ದು’ ಎಂದರ್ಥ. ಲ್ಯಾಟಿನ್ನಿನ ಎರಡನೆಯದಕ್ಕೆ ‘ಇಬ್ಬನಿ ಚಿಮುಕಿಸಿದ್ದು’. ಜೀವಿಗಳಿಗೆ ಇಟ್ಟ ಹೆಸರುಗಳಲ್ಲಿ ಇಷ್ಟು ಚೆಂದದವು ನನಗೆ ಹೆಚ್ಚು ಸಿಕ್ಕಿಲ್ಲ.

ಕ್ಯಾಡಿಸ್ ಕೀಟಗಳು ಪತಂಗಗಳ ಹತ್ತಿರದ ಬಂಧುಗಳು. ರೇಷ್ಮೆಹುಳುವಿನಂತೆ ಇವುಗಳ ಮರಿಗಳೂ ಬಾಯಿಯಿಂದ ಎಳೆ ತೆಗೆಯುತ್ತವೆ, ಆದರೆ ನೀರಿನೊಳಗೆ! ಒದ್ದೆಯಲ್ಲೂ ಬಿಡದೆ ಅಂಟುವ ಆ ಎಳೆಯಿಂದ ನಮ್ಮ ಹುಳು ಎಳವೆಯಲ್ಲಿ ಮರಳಿನ ಕಣಗಳನ್ನು ಜೋಡಿಸಿ ದುಂಡು ಗೂಡು ಕಟ್ಟುತ್ತದೆ. ಬೆಳೆದಂತೆ ಮರಳನ್ನು ಬಿಟ್ಟು ಎಲೆಯ ಚೂರುಗಳಿಗೆ ಕೈಹಾಕುತ್ತದೆ, ಗೂಡು ಚೌಕವಾಗುತ್ತದೆ. ಆಹಾರವೂ ಅದೇ ಕೊಳೆತ ಎಲೆ. ಕೊನೆಗೆ ಗೂಡಿನ ಬಾಯಿ ಮುಚ್ಚಿಕೊಂಡು ಒಳಗೇ ರೂಪ ಬದಲಿಸಿ, ಹೊರಬಂದು, ರೋಮಭರಿತ ರೆಕ್ಕೆಗಳನ್ನು ಮನೆಯ ಮಾಡಿನಂತೆ ಮಡಚಿ ಕೂರುತ್ತದೆ.

ಇದರ ವ್ಯಾಪ್ತಿಯ ಕಥೆ ನನ್ನನ್ನು ಹೆಚ್ಚು ಕಾಡುತ್ತದೆ. ಐರ್ಲೆಂಡ್, ಬ್ರಿಟನ್‌ನಿಂದ ಮಧ್ಯ ಯುರೋಪಿನವರೆಗೆ ಈ ಪ್ರಭೇದ ಹರಡಿದೆ. ನಕ್ಷೆಯಲ್ಲಿ ಆ ಇಡೀ ಪ್ರದೇಶಕ್ಕೆ ಬಣ್ಣ ಬಳಿದರೆ ಮಾತ್ರ ತಪ್ಪಾಗುತ್ತದೆ, ಇಡಬೇಕಾದದ್ದು ಚುಕ್ಕಿಗಳನ್ನು. ಒರತೆಯ ಬಾಯಿ, ನೀರು ಜಿನುಗುವ ಪಾಚಿ, ಬಂಡೆಯ ಮೇಲೆ ತೆಳ್ಳಗೆ ಹರಿಯುವ ಪದರ, ಇಷ್ಟೇ ಇದರ ಜಗತ್ತು. ಕೆಳಗೆ ಹಳ್ಳವಾಗಿ, ಹೊಳೆಯಾಗಿ ಬೆಳೆದ ಅದೇ ನೀರಿನಲ್ಲಿ ಇದನ್ನು ಹುಡುಕುವುದು ವ್ಯರ್ಥ.

ಕಾರಣದ ಬಹುಪಾಲು ಉಷ್ಣತೆಯಲ್ಲಿದೆ. ನೆಲದಾಳದಿಂದ ಬರುವ ನೀರು ಆ ಊರಿನ ವರ್ಷದ ಸರಾಸರಿ ಉಷ್ಣತೆಗೆ ಹತ್ತಿರವಿದ್ದು, ಬೇಸಿಗೆಯಲ್ಲೂ ಚಳಿಗಾಲದಲ್ಲೂ ಹೆಚ್ಚು ಬದಲಾಗದು. ಹೊಳೆಯ ನೀರಾದರೋ ಬಿಸಿಲಿಗೆ ಕಾಯುತ್ತದೆ, ಹಿಮಕ್ಕೆ ಹೆಪ್ಪುಗಟ್ಟುತ್ತದೆ. ಸ್ಥಿರ ತಂಪಿಗೆ ಒಗ್ಗಿದ ಈ ಹುಳು ಬಿಸಿಯೇರಿದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯದವರು ಅದರ ಪ್ರೋಟೀನುಗಳಲ್ಲಾಗುವ ಬದಲಾವಣೆಯನ್ನೇ ಅಧ್ಯಯನ ಮಾಡಿದ್ದಾರೆ.

ಒಂದು ಒರತೆ ಬತ್ತಿದರೆ ಇನ್ನೊಂದಕ್ಕೆ ಹೋಗಬಾರದೇ? ರೆಕ್ಕೆಯೇನೋ ಇದೆ, ಆದರೆ ಅಲ್ಪಾಯುಷಿ. ಅಪಟಾನಿಯಾ ಮುಲಿಯೆಬ್ರಿಸ್ ಎಂಬ ಇನ್ನೊಂದು ಒರತೆವಾಸಿ ಕ್ಯಾಡಿಸ್‌ನಲ್ಲಿ ಹೆಣ್ಣು ಗಂಡಿನ ನೆರವಿಲ್ಲದೆ ಸಂತಾನ ಬೆಳೆಸುತ್ತದೆ. ಹೊಸ ಜಾಗಕ್ಕೆ ಒಂದೇ ಹೆಣ್ಣು ತಲುಪಿದರೂ ಸಾಕು. ಕ್ರುನೀಸಿಯಾಗೆ ಜೋಡಿ ಬೇಕು. ಮಧ್ಯ ಯುರೋಪಿನಲ್ಲಿ ಕುಡಿಯುವ ನೀರಿಗಾಗಿ ಅನೇಕ ಒರತೆಗಳನ್ನು ಕಾಂಕ್ರೀಟ್ ತೊಟ್ಟಿಯೊಳಗೆ ಮುಚ್ಚಿ ಕೊಳವೆಗೆ ತಿರುಗಿಸಲಾಗಿದೆ. ಅಲ್ಲಿ ನೀರು ಮೊದಲಿನಷ್ಟೇ ತಣ್ಣಗಿದೆ. ಎಲೆ ಬಂದು ಬೀಳುವ ಅಂಚೇ ಇಲ್ಲ.