ಖಾಲಿ ಸೈಟು, ನಿಂತ ಕಾರು, ಮೂಲೆಯ ಕಸ: ಬೆಂಗಳೂರಿನ ನಿಯಮಗಳು ಬಂದ ದಾರಿ

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಈ ಮೂರು ಕಣ್ಣಿಗೆ ಬೀಳುತ್ತವೆ. ಎರಡು ಮನೆಗಳ ನಡುವೆ ಎದೆಮಟ್ಟ ಕಾಂಗ್ರೆಸ್ ಗಿಡ ಬೆಳೆದ ಖಾಲಿ ಸೈಟು. ಟ್ರಾನ್ಸ್‌ಫಾರ್ಮರ್ ಕೆಳಗೆ ಕಸದ ಕವರುಗಳ ರಾಶಿ. ಒಂದಷ್ಟು ದೂರದಲ್ಲಿ ಗಾಳಿ ಹೋದ ಟೈರುಗಳ ಮೇಲೆ ಕುಸಿದು ಕೂತ ಹಳೇ ಓಮ್ನಿ. ಮೂರಕ್ಕೂ ಕಾನೂನಿದೆ, ಮೂರಕ್ಕೂ ದಂಡ ಇದೆ. ಆದರೂ ವರ್ಷಗಟ್ಟಲೆ ಹಾಗೇ ಉಳಿಯುತ್ತವೆ.

ಹೇಗೆ ಇಲ್ಲಿಗೆ ಬಂದೆವು ಅಂತ ಹಿಂದಕ್ಕೆ ಹೋಗಿ ನೋಡಿದರೆ ಒಂದು ವಿಷಯ ಕಾಣುತ್ತದೆ. ನಮ್ಮ ನಿಯಮಗಳು ಎದುರಿಗೆ ಸಿಕ್ಕವರನ್ನು ಹಿಡಿಯುತ್ತವೆ. ಎದುರಿಗಿಲ್ಲದ ಮಾಲೀಕನನ್ನು ಹುಡುಕುವ ಕೆಲಸ ಮಾತ್ರ ಪ್ರತಿ ಸಲವೂ ಬಾಕಿ ಉಳಿದಿದೆ.

ಊರಿಗೆ ಮುನಿಸಿಪಾಲಿಟಿ ಬಂದದ್ದು 1862ರಲ್ಲಿ. ಪೇಟೆಗೊಂದು, ದಂಡಿಗೆ ಅಂದರೆ ಕಂಟೋನ್ಮೆಂಟಿಗೆ ಇನ್ನೊಂದು. ಆದರೆ ಮನೆಯೊಳಗೆ ಬಂದು ‘ಇದನ್ನು ತೆಗಿ, ಅದಕ್ಕೆ ಸುಣ್ಣ ಬಳಿ’ ಎನ್ನುವ ಅಧಿಕಾರ ನಿಜವಾಗಿ ನಡೆದದ್ದು 1898ರಲ್ಲಿ. ಆ ವರ್ಷ ಆಗಸ್ಟ್‌ನಲ್ಲಿ ರೈಲಿನ ದಾರಿಯಲ್ಲಿ ಪ್ಲೇಗ್ ಬಂತು. ಕೈಯಲ್ಲಿ 1897ರ ಸಾಂಕ್ರಾಮಿಕ ರೋಗ ಕಾಯ್ದೆ ಇತ್ತು. ಮನೆಮನೆ ತಪಾಸಣೆ ನಡೆಯಿತು, ಕೆಲವು ಮನೆಗಳನ್ನು ಕೆಡವಿದರು. ಜನ ಪ್ಲೇಗಮ್ಮನಿಗೆ ಗುಡಿ ಕಟ್ಟಿದರು. ಸರ್ಕಾರ ಇಕ್ಕಟ್ಟಾದ ಪೇಟೆಯ ಹೊರಗೆ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳನ್ನು ಬೆಳೆಸಿತು.

ಆ ಹೊಸ ಬಡಾವಣೆಗಳಲ್ಲಿ ಮನೆಗಳ ಹಿಂದೆ ಒಂದು ಸಣ್ಣ ಓಣಿ ಬಿಟ್ಟರು. ಕನ್ಸರ್ವೆನ್ಸಿ ಲೇನ್ ಅಂತ ಹಳಬರು ಈಗಲೂ ಕರೆಯುತ್ತಾರೆ. ಮಲ ಹೊರುವವರು ಮುಂಬಾಗಿಲಿಗೆ ಬರಬಾರದು, ಹಿಂದಿನಿಂದ ಬಂದು ಹಿಂದಿನಿಂದಲೇ ಹೋಗಬೇಕು. ಅದಕ್ಕೆ ಆ ಓಣಿ. ಊರಿನ ಸ್ವಚ್ಛತೆ ನಿಂತದ್ದು ಜಾತಿಯ ಹೆಗಲ ಮೇಲೆ ಅನ್ನೋದನ್ನು ಈ ಇತಿಹಾಸದಲ್ಲಿ ಮರೆಯುವ ಹಾಗಿಲ್ಲ. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ ತಲೆ ಮೇಲೆ ಮಲ ಹೊರುವುದನ್ನು ರಾಜ್ಯ ನಿಷೇಧಿಸಿತು. ಒಳಚರಂಡಿಯೂ ಬಂದ ಮೇಲೆ ಆ ಓಣಿಗಳಿಗೆ ಕೆಲಸವಿಲ್ಲದಾಯಿತು. ಯಾರ ಮನೆಯ ಮುಂದೂ ಅಲ್ಲದ ಜಾಗ ಅಲ್ವಾ? ಬಹಳಷ್ಟು ಕಡೆ ಕಸ, ಇಟ್ಟಿಗೆ ಚೂರು, ಕೆಟ್ಟ ಸ್ಕೂಟರು ಬಂದು ಸೇರಿದವು.

ಸ್ವಾತಂತ್ರ್ಯದ ನಂತರ ಎರಡೂ ಮುನಿಸಿಪಾಲಿಟಿ ಒಂದಾಗಿ 1949ರಲ್ಲಿ ಕಾರ್ಪೊರೇಷನ್ ಆಯಿತು. 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆಯಲ್ಲಿ ಅಧಿಕಾರಕ್ಕೇನೂ ಕೊರತೆ ಇರಲಿಲ್ಲ. ಗಲೀಜಾದ ಜಾಗದ ಮಾಲೀಕನಿಗೆ ನೋಟಿಸ್ ಕೊಡಬಹುದು. ಅವನು ಮಾಡಿಸದಿದ್ದರೆ ಪಾಲಿಕೆಯೇ ಮಾಡಿಸಿ ಖರ್ಚು ವಸೂಲಿ ಮಾಡಬಹುದು. ಆದರೆ ನೋಟಿಸ್ ಯಾವ ವಿಳಾಸಕ್ಕೆ?

ಖಾಲಿ ಸೈಟಿನ ಕಥೆ ಇಲ್ಲಿಂದಲೇ ಕೆಡುತ್ತದೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಸೈಟು ಹಂಚುವಾಗ ಇಂತಿಷ್ಟು ವರ್ಷದೊಳಗೆ ಮನೆ ಕಟ್ಟಲೇಬೇಕು ಅಂತ ಷರತ್ತು ಹಾಕುತ್ತಿತ್ತು. 1984ರ ಹಂಚಿಕೆ ನಿಯಮದಲ್ಲಿ ಐದು ವರ್ಷ. ಉದ್ದೇಶ ಒಳ್ಳೆಯದೇ, ಸೈಟು ವಾಸಕ್ಕೆ, ವ್ಯಾಪಾರಕ್ಕಲ್ಲ ಅಂತ. ಆದರೆ ದಂಡ ಕಟ್ಟಿದರೆ ಸರಿಹೋಗುವ ದಾರಿ ಇತ್ತು, ಭೂಮಿಯ ಬೆಲೆ ದಂಡಕ್ಕಿಂತ ಎಷ್ಟೋ ಪಟ್ಟು ವೇಗವಾಗಿ ಏರಿತು. ಸೊಸೈಟಿ ಲೇಔಟುಗಳಿಗೆ, ಕೃಷಿ ಜಮೀನನ್ನು ಪರಿವರ್ತಿಸದೆಯೇ ಮಾಡಿದ ರೆವಿನ್ಯೂ ಸೈಟುಗಳಿಗೆ ಆ ಷರತ್ತೂ ಇಲ್ಲ. ಮಾಲೀಕ ಮುಂಬೈನಲ್ಲೋ ಅಮೆರಿಕದಲ್ಲೋ ಇರುತ್ತಾನೆ. ವರ್ಷಕ್ಕೊಮ್ಮೆ ಆನ್‌ಲೈನ್‌ನಲ್ಲಿ ಕಂದಾಯ ಕಟ್ಟುತ್ತಾನೆ, ಅದೂ ಕಟ್ಟಡದ ಜಾಗಕ್ಕಿಂತ ಕಡಿಮೆ ದರದಲ್ಲಿ. ಸೈಟಿನೊಳಗೆ ರಾತ್ರೋರಾತ್ರಿ ಟ್ರ್ಯಾಕ್ಟರ್ ಬಂದು ಕಟ್ಟಡದ ಮಣ್ಣು ಸುರಿದು ಹೋಗಿರುತ್ತದೆ. ಹಾವು ಬಂತು ಅಂತ ಗೋಳಾಡುವವರು ಪಕ್ಕದ ಮನೆಯವರು.

ಕಸದ ನಿಯಮಗಳದ್ದು ಬೇರೆ ದಾರಿ, ಅವು ಕೋರ್ಟಿನಿಂದ ಬಂದವು. ಬೆಂಗಳೂರಿನಲ್ಲೇ ನೆಲೆಸಿದ್ದ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ದೇಶದ ನಗರಗಳು ಕಸವನ್ನು ಊರಾಚೆ ಸುಮ್ನೆ ಸುರಿದು ಬರುತ್ತಿವೆ ಅನ್ನೋದು ಅವರ ದೂರು. ಅದರ ಫಲವಾಗಿ ಬಂದದ್ದೇ 2000ದ ನಗರ ಘನತ್ಯಾಜ್ಯ ನಿಯಮಗಳು. ಬೆಂಗಳೂರಿನಲ್ಲಿ ಬೀದಿಯ ಸಿಮೆಂಟ್ ತೊಟ್ಟಿಗಳನ್ನು ತೆಗೆದು ಮನೆಮನೆಯಿಂದ ಕಸ ಪಡೆಯುವ ವ್ಯವಸ್ಥೆ ಶುರುವಾಯಿತು. ತೊಟ್ಟಿ ಹೋಯಿತು, ತೊಟ್ಟಿ ಇದ್ದ ಜಾಗಕ್ಕೆ ಎಸೆಯುವ ಅಭ್ಯಾಸ ಹೋಗಲಿಲ್ಲ. ಇವತ್ತು ಕಸ ಸದಾ ಬಂದು ಬೀಳುವ ‘ಬ್ಲಾಕ್ ಸ್ಪಾಟ್’ಗಳಲ್ಲಿ ಎಷ್ಟೋ ಆ ಹಳೆಯ ತೊಟ್ಟಿಯ ಜಾಗಗಳೇ.

ನಿಜವಾದ ಬಿಸಿ ಮುಟ್ಟಿಸಿದ್ದು ಹಳ್ಳಿಗಳು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಆದಾಗ ಕಸವೂ ಹಿಗ್ಗಿತು. ನಗರದ ಕಸ ಸುರಿಯುತ್ತಿದ್ದ ಮಾವಳ್ಳಿಪುರದಲ್ಲಿ ಕುಡಿಯುವ ನೀರಿಗೆ ಕಸದ ರಸ ಸೇರಿತು, ಜನ ಬೀದಿಗಿಳಿದರು. 2012ರಲ್ಲಿ ಅಲ್ಲಿ ಕಸ ಹಾಕುವುದು ನಿಂತಿತು. ಇಡೀ ಬೆಂಗಳೂರು ನಾರಿತು. ಲಾರಿಗಳು ಮಂಡೂರಿನ ಕಡೆ ತಿರುಗಿದವು. ಅಲ್ಲಿನವರೂ 2014ರಲ್ಲಿ ರಸ್ತೆಗೆ ಅಡ್ಡ ಕೂತು, ಡಿಸೆಂಬರ್ ಹೊತ್ತಿಗೆ ನಿಲ್ಲಿಸಿಯೇ ಬಿಟ್ಟರು. ನಗರದ ಕಸಕ್ಕೆ ನಿಯಮ ಬರೆಸಿದ ಶ್ರೇಯಸ್ಸಿನಲ್ಲಿ ಈ ಎರಡು ಊರಿನ ಜನರಿಗೆ ದೊಡ್ಡ ಪಾಲು ಸಲ್ಲಬೇಕು. ಅವರು ತೆತ್ತ ಬೆಲೆಯ ಬಗ್ಗೆ ನಾವು ಮಾತಾಡುವುದು ಬಹಳ ಕಡಿಮೆ.

ಆ ಒತ್ತಡದಲ್ಲೇ ಹೈಕೋರ್ಟ್ ನಡುವೆ ಬಂತು. 2012ರ ಅಕ್ಟೋಬರ್‌ನಿಂದ ಮನೆಯಲ್ಲೇ ಕಸ ಬೇರ್ಪಡಿಸುವುದು ಕಡ್ಡಾಯವಾಯಿತು. 2015ರ ಡಿಸೆಂಬರ್‌ನಲ್ಲಿ ‘ಎರಡು ಬುಟ್ಟಿ, ಒಂದು ಚೀಲ’ ಆದೇಶ ಬಂತು: ಹಸಿ ಕಸಕ್ಕೊಂದು, ಡೈಪರ್‌ನಂಥದ್ದಕ್ಕೊಂದು ಬುಟ್ಟಿ, ಒಣ ಕಸಕ್ಕೆ ಚೀಲ. 2016ರಲ್ಲಿ ಕೇಂದ್ರದ ಹೊಸ ನಿಯಮ, 2020ರಲ್ಲಿ ಬಿಬಿಎಂಪಿಯ ಉಪವಿಧಿ. ನಡುವೆ 2019ರಲ್ಲಿ ಕಸ ಎಸೆದವರಿಗೆ ದಂಡ ಹಾಕಲು ಸಮವಸ್ತ್ರದ ಮಾರ್ಷಲ್‌ಗಳು ಬಂದರು, ಅವರನ್ನು ಕೊರೊನಾ ಕಾಲದಲ್ಲಿ ಮಾಸ್ಕ್ ದಂಡಕ್ಕೆ ತಿರುಗಿಸಿದರು.

ದಂಡ ಯಾರಿಗೆ ಬೀಳುತ್ತದೆ ನೋಡಿ. ಬೆಳಗ್ಗೆ ಆಟೋ ಟಿಪ್ಪರ್‌ಗೆ ಮಿಶ್ರ ಕಸ ಕೊಟ್ಟ ಮನೆಯವರು ಸಿಗುತ್ತಾರೆ, ಅಂಗಡಿಯವರು ಸಿಗುತ್ತಾರೆ. ಐದೂವರೆಗೆ ಸ್ಕೂಟರ್ ನಿಲ್ಲಿಸದೇ ಕಾಲಿನ ಬಳಿಯ ಕವರ್ ಎಸೆದು ಹೋಗುವವನು ಸಿಗುವುದಿಲ್ಲ. ಎಂಟಕ್ಕೆ ಕೆಲಸಕ್ಕೆ ಹೊರಡುವ, ಟಿಪ್ಪರ್ ಬರುವಾಗ ಮನೆಯಲ್ಲಿಲ್ಲದ ಬಾಡಿಗೆ ಹುಡುಗರೂ ಆ ಗುಂಪಿನಲ್ಲಿದ್ದಾರೆ. ಅವರಿಗೆ ಸಂಜೆ ಕಸ ಕೊಡುವ ಜಾಗ ಇದ್ದರೆ ಅರ್ಧ ರಾಶಿ ಕರಗುತ್ತದೆ ಅಂತ ನನಗನ್ನಿಸುತ್ತದೆ. ಮೂಲೆಯಲ್ಲಿ ರಂಗೋಲಿ ಹಾಕಿ, ದೇವರ ಫೋಟೊ ಇಟ್ಟು ನೋಡಿದ್ದಾಯಿತು. 2025ರ ಅಕ್ಟೋಬರ್ ಕೊನೆಗೆ ಕಸ ಎಸೆದವರ ವಿಡಿಯೊ ಹಿಡಿದು, ಅವರ ಮನೆ ಮುಂದೆಯೇ ಕಸ ಸುರಿಯುವ ಅಭಿಯಾನವೂ ನಡೆಯಿತು. ಕ್ಯಾಮೆರಾ ಇಲ್ಲಿ ಮಾಡಿದ್ದು ಒಂದೇ ಕೆಲಸ, ಓಡಿಹೋದವನ ವಿಳಾಸ ಪತ್ತೆ. ಆದರೆ ಮನೆ ಮುಂದೆ ಸುರಿದ ಕಸವನ್ನು ಮತ್ತೆ ಎತ್ತುವವರು ಪೌರಕಾರ್ಮಿಕರೇ. ಆ ಕಾರಣಕ್ಕೆ ಈ ದಾರಿ ನನಗೆ ಒಪ್ಪಿಗೆಯಾಗಲಿಲ್ಲ.

ಇನ್ನು ನಿಂತ ಗಾಡಿಗಳು. 1988ರ ಮೋಟಾರು ವಾಹನ ಕಾಯ್ದೆಯ 127ನೇ ಕಲಂ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಹತ್ತು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಬಿಟ್ಟುಹೋದ ಗಾಡಿಯನ್ನು ಪೊಲೀಸರು ಎಳೆಸಬಹುದು. ಹತ್ತು ಗಂಟೆ! ನಮ್ಮ ಬೀದಿಗಳಲ್ಲಿ ಹತ್ತು ವರ್ಷದವು ಇವೆ. ಮೊದಲು ಬ್ಯಾಟರಿ ಹೋಗುತ್ತದೆ, ಆಮೇಲೆ ಸ್ಟೀರಿಯೊ, ಚಕ್ರ. ಗಾಜು ಒಡೆದ ದಿನದಿಂದ ಅದೇ ಕಸದ ತೊಟ್ಟಿ. ಮಳೆಗಾಲದಲ್ಲಿ ಒಳಗೆ ನಿಂತ ನೀರಿನಲ್ಲಿ ಸೊಳ್ಳೆ ಮರಿ.

ಎಳೆದು ಎಲ್ಲಿಡುವುದು ಎಂಬಲ್ಲಿ ಕಾನೂನು ಸಿಕ್ಕಿಹಾಕಿಕೊಳ್ಳುತ್ತದೆ. ಠಾಣೆಗಳ ಅಂಗಳ ಕೇಸಿನ ಗಾಡಿಗಳಿಂದಲೇ ತುಂಬಿದೆ. ಜಪ್ತಿ ಮಾಡಿದ ಗಾಡಿಯನ್ನು ಠಾಣೆಯಲ್ಲಿ ಕೊಳೆಸಬೇಡಿ, ಫೋಟೊ ತೆಗೆದು ಬಾಂಡ್ ಬರೆಸಿಕೊಂಡು ಮಾಲೀಕನಿಗೆ ಕೊಡಿ, ಯಾರೂ ಬರದಿದ್ದರೆ ಹರಾಜು ಹಾಕಿ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಸುಂದರ್‌ಭಾಯಿ ದೇಸಾಯಿ ಪ್ರಕರಣದಲ್ಲಿ ಹೇಳಿತು. ಆದರೂ ಹರಾಜಿಗೆ ಮುನ್ನ ಮಾಲೀಕನಿಗೆ ನೋಟಿಸ್ ಹೋಗಲೇಬೇಕು. ಚಾಸಿ ನಂಬರ್ ಹಿಡಿದು ಆರ್‌ಟಿಒ ದಾಖಲೆ ತೆಗೆದರೆ ಅಲ್ಲಿರುವುದು ಹಳೇ ಬಾಡಿಗೆ ಮನೆಯ ವಿಳಾಸ. ಗಾಡಿ ಕೈಯಿಂದ ಕೈಗೆ ಹೋಗಿರುತ್ತದೆ, ಮಾಲೀಕತ್ವ ವರ್ಗಾವಣೆಯ 29, 30ನೇ ನಮೂನೆಗೆ ಸಹಿಯಾಗಿದ್ದರೂ ಆರ್‌ಸಿಯಲ್ಲಿ ಹೆಸರು ಬದಲಾಗಿರುವುದಿಲ್ಲ. ಕೆಲವೊಮ್ಮೆ ಮಾಲೀಕ ತೀರಿಕೊಂಡಿರುತ್ತಾನೆ. ಮಕ್ಕಳಿಗೆ ಅಪ್ಪನ ಕಾರನ್ನು ಗುಜರಿಗೆ ಹಾಕಲು ಮನಸ್ಸೂ ಇಲ್ಲ, ಕಾಗದಪತ್ರವೂ ಇಲ್ಲ. ಇಂಥ ಮನೆಗಳ ಮೇಲೆ ಸಿಟ್ಟಾಗುವುದು ಕಷ್ಟ.

ಗುಜರಿಗೆ ಕ್ರಮಬದ್ಧ ದಾರಿ ಸಿಕ್ಕಿದ್ದು ತೀರಾ ಇತ್ತೀಚೆಗೆ. 2021ರಲ್ಲಿ ನೋಂದಾಯಿತ ಗುಜರಿ ಕೇಂದ್ರಗಳ ನಿಯಮ ಬಂತು. 2025ರ ಏಪ್ರಿಲ್‌ನಿಂದ ಆಯಸ್ಸು ಮುಗಿದ ವಾಹನಗಳ ನಿಯಮ ಜಾರಿಯಲ್ಲಿದೆ, ತಯಾರಿಸಿದ ಕಂಪನಿಯ ಮೇಲೂ ಹೊಣೆ ಹೊರಿಸಿದೆ.

2024ರಲ್ಲಿ ಡೆಂಗಿ ಜಾಸ್ತಿಯಾದಾಗ ಸರ್ಕಾರ ಮತ್ತೆ ಸಾಂಕ್ರಾಮಿಕ ರೋಗದ ಕಾನೂನಿಗೇ ಕೈ ಹಾಕಿತು. ಸೆಪ್ಟೆಂಬರ್‌ನಲ್ಲಿ ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ನಿಗದಿಯಾಯಿತು. ನಗರದಲ್ಲಿ ಮನೆಗೆ 400 ರೂಪಾಯಿ, ಖಾಲಿ ಸೈಟು ಮತ್ತು ಅರ್ಧಕ್ಕೆ ಬಿಟ್ಟ ಕಟ್ಟಡಕ್ಕೆ 2,000. ವಾಸದ ಮನೆಗಿಂತ ಖಾಲಿ ಜಾಗದ ತಪ್ಪು ದೊಡ್ಡದು ಎಂದು ಲೆಕ್ಕ ಹಾಕಿದ್ದು ಸರಿಯಾದ ಹೆಜ್ಜೆ.

ಅದೇ ವರ್ಷದ ಕೊನೆಗೆ ಇ-ಖಾತಾ, ಅಂದರೆ ಆಸ್ತಿಯ ಡಿಜಿಟಲ್ ದಾಖಲೆ ಬಂತು. ಹಗರಣ ತಡೆಯಲು, ನೋಂದಣಿಗೆ ಅಂತ ತಂದದ್ದು, ಕಸಕ್ಕೂ ಅದಕ್ಕೂ ಸಂಬಂಧ ಕಲ್ಪಿಸಿದವರು ಕಡಿಮೆ. ಆದರೆ ಸೈಟಿನ ಫೋಟೊ, ಅದು ಇರುವ ಜಾಗ, ಮಾಲೀಕನ ಆಧಾರ್ ಒಂದೇ ಕಡೆ ಸೇರುವುದು ಇದೇ ಮೊದಲು. 2025ರ ಏಪ್ರಿಲ್‌ನಿಂದ ಕಸದ ಶುಲ್ಕವೂ ಆಸ್ತಿ ತೆರಿಗೆಯ ಜೊತೆಗೇ ಬರುತ್ತಿದೆ. ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. 1976ರ ಕಾಯ್ದೆ ಕೊಟ್ಟಿದ್ದ ಅದೇ ಅಧಿಕಾರವನ್ನು, ಅಂದರೆ ಗಿಡಗಂಟಿ ತೆಗೆಸಿ ಖರ್ಚನ್ನು ತೆರಿಗೆ ಬಿಲ್ಲಿಗೆ ಸೇರಿಸುವುದನ್ನು, ಈ ಐದರಲ್ಲಿ ಯಾವ ಪಾಲಿಕೆ ಬೇಕಾದರೂ ಮುಂದಿನ ಮಳೆಗಾಲಕ್ಕೆ ಮುಂಚೆ ಶುರು ಮಾಡಬಹುದು. ಆರ್‌ಟಿಒ ದಾಖಲೆಗಳಿಗೆ ಇಂಥ ಪರಿಷ್ಕರಣೆ ಇನ್ನೂ ಆಗಬೇಕಿದೆ. ಅಲ್ಲಿಯವರೆಗೆ ಆ ಓಮ್ನಿಯ ನೋಟಿಸ್ ಹಳೇ ಬಾಡಿಗೆ ಮನೆಗೇ ಹೋಗುತ್ತದೆ.